ಒಂದು ಡ್ರಮ್ ಬೇಕು, ಬಿಲ್ ಬೇಡ ಅಂದ ಗಿರಾಕಿ

ಪ್ರಶ್ನೆ: ಸರ್, ನಮಸ್ಕಾರ. ಬೀದರ್‌ನಲ್ಲಿ ನಮ್ಮದೊಂದು ಸಣ್ಣ ಕೆಮಿಕಲ್ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಕಾಲೇಜು ಲ್ಯಾಬ್‌ಗಳಿಗೆ, ಬಿದರಿ ಕೆಲಸದವರಿಗೆ, ಇಲ್ಲಿನ ಕೊಳಾರ ಕೈಗಾರಿಕಾ ಪ್ರದೇಶದ ಎರಡು ಮೂರು ಕಾರ್ಖಾನೆಗಳಿಗೆ ಮಾಲು ಕೊಡುತ್ತೇವೆ. ಹೋದ ವಾರ ಹೊಸ ಗಿರಾಕಿ ಒಬ್ಬ ಬಂದ. ಒಂದು ಡ್ರಮ್ ಅಸೆಟಿಕ್ ಅನ್‌ಹೈಡ್ರೈಡ್ ಬೇಕು, ಬಟ್ಟೆಗೆ ಬಣ್ಣ ಹಾಕುವ ಕೆಲಸಕ್ಕೆ, ರೊಕ್ಕ ನಗದು ಕೊಡುತ್ತೇನೆ, ಬಿಲ್ ಬೇಡ ಅಂದ. ತರಿಸಿ ಇಡುತ್ತೇನೆ ಅಂದು ಕಳಿಸಿದೆ. ಆಮೇಲೆ ಗೆಳೆಯನೊಬ್ಬ ಹೆದರಿಸಿದ. ಇದಕ್ಕೆ ಬೇರೆ ಲೈಸೆನ್ಸ್ ಬೇಕಾ? ನಮ್ಮ ಗೋದಾಮಿನಲ್ಲಿ ಅಪ್ಪನ ಕಾಲದ ಎರಡು ಕ್ಯಾನ್ ಅದೇ ಮಾಲು ಬಿದ್ದಿದೆ. ಇನ್ನೊಂದು ಮಾತು: ನಮ್ಮ ಕಾಕಾ ಹೊಲದ ಪಕ್ಕದ ತಗಡಿನ ಶೆಡ್ಡನ್ನು ಹೊರಗಿನವರಿಗೆ ‘ಔಷಧಿ ಕೆಲಸ’ಕ್ಕೆ ಅಂತ ಬಾಡಿಗೆ ಕೊಟ್ಟಿದ್ದಾರೆ. ಊರಿನ ದರಕ್ಕಿಂತ ಎರಡು ಪಟ್ಟು ಬಾಡಿಗೆ. ಅದರ ಬಗ್ಗೆಯೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಗಿರಾಕಿಗೆ ಮಾಲು ಕೊಡಬೇಡಿ. ತರಿಸುವುದೂ ಬೇಡ. ಹೌದು, ಇದಕ್ಕೆ ಬೇರೆ ನೋಂದಣಿ ಬೇಕು. ಅದು ಇಲ್ಲದೆ ನೀವು ಮಾರುವ ಹಾಗಿಲ್ಲ, ಅವನು ಕೊಳ್ಳುವ ಹಾಗಿಲ್ಲ, ಗೋದಾಮಿನಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಕ್ಯಾನ್ ಮತ್ತು ಶೆಡ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಎರಡೂ ಸಣ್ಣ ವಿಷಯಗಳಲ್ಲ.

ನಾನು ಇಪ್ಪತ್ತೆರಡು ವರ್ಷ ಔಷಧ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿದವನು. ಈಗ ಕಲಬುರಗಿಯಲ್ಲಿ ಕೂತು ಕಪನೂರು, ಹುಮನಾಬಾದ್, ಕೊಳಾರ, ಕಡೇಚೂರಿನ ಸಣ್ಣ ಘಟಕಗಳಿಗೆ ಕಾಗದಪತ್ರದ ಕೆಲಸ ಮಾಡಿಕೊಡುತ್ತೇನೆ. ನಿಮ್ಮಂಥವರ ಪ್ರಶ್ನೆ ವಾರಕ್ಕೊಂದಾದರೂ ಬರುತ್ತದೆ. ಕೇಳಿದ್ದು ಒಳ್ಳೆಯದಾಯಿತು. ಕೇಳದೆ ಮಾರಿದವರನ್ನೂ ನೋಡಿದ್ದೇನೆ.

ಆ ಗಿರಾಕಿ ಹೇಳಿದ ಕಾರಣದಿಂದಲೇ ಶುರು ಮಾಡೋಣ. ಬಟ್ಟೆಗೆ ಬಣ್ಣ ಹಾಕುವವರಿಗೆ ಬೇಕಾಗುವುದು ಅಸೆಟಿಕ್ ಆಸಿಡ್. ಅಂಗಡಿ ಮಾತಿನಲ್ಲಿ ‘ಗ್ಲೇಶಿಯಲ್’ ಅನ್ನುತ್ತೇವಲ್ಲ, ಅದು. ಅಸೆಟಿಕ್ ಅನ್‌ಹೈಡ್ರೈಡ್ ಬೇರೆಯೇ ವಸ್ತು. ಎರಡಕ್ಕೂ ವಿನೆಗರ್ ಥರ ಹುಳಿ ವಾಸನೆ ಇರುತ್ತದೆ. ಆದರೆ ಅನ್‌ಹೈಡ್ರೈಡ್‌ನ ಮುಚ್ಚಳ ತೆಗೆದರೆ ಮೂಗಿಗೆ ಹೊಡೆದ ಹಾಗಾಗಿ ಕಣ್ಣಲ್ಲಿ ನೀರು ಬರುತ್ತದೆ. ನೀರು ಸೇರಿದರೆ ಕಾವು ಎದ್ದು, ಅದು ಅಸೆಟಿಕ್ ಆಸಿಡ್ ಆಗಿಹೋಗುತ್ತದೆ. ಡೈಯಿಂಗ್ ತೊಟ್ಟಿಯಲ್ಲಿ ಇರುವುದೆಲ್ಲ ನೀರೇ ಅಲ್ವಾ? ಅಲ್ಲಿಗೆ ದುಬಾರಿ ಅನ್‌ಹೈಡ್ರೈಡ್ ತಂದು ಸುರಿಯುವವರು ಯಾರು? ನಿಜವಾಗಿ ಬಣ್ಣದ ಕೆಲಸ ಮಾಡುವವನಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ. ನಿಮ್ಮ ಗಿರಾಕಿಗೆ ಗೊತ್ತಿರಲಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡ.

ಈ ಎರಡು ಹೆಸರು ಕಲೆತು ಹೋಗಿ ತೊಂದರೆಗೆ ಸಿಕ್ಕವರಿದ್ದಾರೆ. ಅಂಗಡಿಯ ಹುಡುಗರು ಚೀಟಿಯಲ್ಲಿ ಸುಮ್ನೆ ‘ಅಸೆಟಿಕ್ 1 ಡ್ರಮ್’ ಅಂತ ಬರೆದುಬಿಡುತ್ತಾರೆ. ಯಾವ ಅಸೆಟಿಕ್? ಜಿಎಸ್‌ಟಿ ಬಿಲ್ಲಿನ ಕೋಡ್ ನೋಡಿ. ಆಸಿಡ್‌ಗೆ 291521, ಅನ್‌ಹೈಡ್ರೈಡ್‌ಗೆ 291524. ಕೊನೆಯ ಅಂಕಿಯಲ್ಲೇ ಎಲ್ಲ ಇದೆ. ಮೊದಲನೆಯದನ್ನು ನೀವು ಈ ನೋಂದಣಿ ಇಲ್ಲದೆ ಮಾರಬಹುದು. ಎರಡನೆಯದಕ್ಕೆ ಜೈಲಿನ ಮಾತಿದೆ.

ಯಾಕೆ ಇಷ್ಟು ಬಿಗಿ? ಅನ್‌ಹೈಡ್ರೈಡ್ ಇಲ್ಲದೆ ಔಷಧ ಉದ್ಯಮವೇ ನಡೆಯುವುದಿಲ್ಲ. ಆಸ್ಪಿರಿನ್‌ಗೆ ಬೇಕು, ಪ್ಯಾರಾಸಿಟಮಾಲ್‌ಗೆ ಬೇಕು. ನಿಮ್ಮ ಮನೆಯ ಜ್ವರದ ಗುಳಿಗೆಯ ಹಿಂದೆ ಅದು ಇರುತ್ತದೆ. ಅದೇ ವಸ್ತು ಅಫೀಮಿನ ಮಾರ್ಫಿನ್ ಅನ್ನು ಹೆರಾಯಿನ್ ಮಾಡಲೂ ಬಳಕೆಯಾಗುತ್ತದೆ. ಎಫೆಡ್ರಿನ್, ಸೂಡೋಎಫೆಡ್ರಿನ್ ಕೂಡ ಹಾಗೆಯೇ. ಉಬ್ಬಸಕ್ಕೆ, ಕಟ್ಟಿದ ಮೂಗಿಗೆ ಔಷಧಿ. ದಾರಿ ತಪ್ಪಿದರೆ ಮೆಥಾಂಫೆಟಮಿನ್ ಎಂಬ ಮಾದಕ ವಸ್ತು. ಇವನ್ನು ಪೂರ್ತಿ ನಿಷೇಧ ಮಾಡಿದರೆ ರೋಗಿಗೆ ಗುಳಿಗೆ ಇಲ್ಲ. ಪೂರ್ತಿ ಬಿಟ್ಟರೆ ಹಳ್ಳಿ ಹಳ್ಳಿಗೆ ಮಾದಕ ವಸ್ತು. ಹಾಗಾಗಿ ಸರ್ಕಾರ ನಡುವಿನ ದಾರಿ ಹಿಡಿದಿದೆ: ಮಾಲು ಓಡಾಡಲಿ, ಆದರೆ ಪ್ರತಿ ಕಿಲೋ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಬರೆದಿರಲಿ.

ಈ ವಿಚಾರ ನಮ್ಮೊಬ್ಬರದಲ್ಲ. 1988ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಆಯಿತು. ಅದರ 12ನೇ ವಿಧಿ ಇಂಥ ರಾಸಾಯನಿಕಗಳ ಬಗ್ಗೆಯೇ ಇದೆ. ಎರಡು ಪಟ್ಟಿ ಮಾಡಿದರು. ಅನ್‌ಹೈಡ್ರೈಡ್ ಮೊದಲು ಸಡಿಲ ಪಟ್ಟಿಯಲ್ಲಿತ್ತು, 2001ರಲ್ಲಿ ಬಿಗಿ ಪಟ್ಟಿಗೆ ಬಂತು. ಅಸಿಟೋನ್, ಟಾಲ್ಯೂಯಿನ್, ಹೈಡ್ರೋಕ್ಲೋರಿಕ್ ಆಸಿಡ್, ಸಲ್ಫ್ಯೂರಿಕ್ ಆಸಿಡ್ ಇಂದಿಗೂ ಸಡಿಲ ಪಟ್ಟಿಯಲ್ಲಿವೆ. ದೇಶದಿಂದ ದೇಶಕ್ಕೆ ಮಾಲು ಹೊರಡುವ ಮೊದಲು ಕಳಿಸುವ ದೇಶ ತರಿಸುವ ದೇಶಕ್ಕೆ ಆನ್‌ಲೈನ್‌ನಲ್ಲಿ ಸುದ್ದಿ ಮುಟ್ಟಿಸುವ ಏರ್ಪಾಡು 2006ರಿಂದ ನಡೆಯುತ್ತಿದೆ.

ನಮ್ಮ ದೇಶದಲ್ಲಿ ಕಾಯ್ದೆ 1985ರದು. ಎನ್‌ಡಿಪಿಎಸ್ ಅಂತ ಪೇಪರಿನಲ್ಲಿ ಓದಿರುತ್ತೀರಿ. ಗಾಂಜಾ, ಅಫೀಮು ಹಿಡಿಯುವ ಕಾಯ್ದೆ ಅಂತಲೇ ಜನ ತಿಳಿದಿದ್ದಾರೆ. 1989ರ ತಿದ್ದುಪಡಿಯಲ್ಲಿ 9ಎ ಎಂಬ ಕಲಂ ಸೇರಿತು. ಮಾದಕ ವಸ್ತು ಮಾಡಲು ಬಳಕೆಯಾಗಬಹುದಾದ ರಾಸಾಯನಿಕಗಳನ್ನು ‘ನಿಯಂತ್ರಿತ ವಸ್ತು’ ಎಂದು ಸಾರಿ, ಅವುಗಳ ತಯಾರಿಕೆ, ಸಾಗಣೆ, ವ್ಯಾಪಾರಕ್ಕೆ ಕಟ್ಟಳೆ ಹಾಕುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿತು. ಅದರ ಕೆಳಗೆ 1993ರಲ್ಲಿ ಒಂದು ಆದೇಶ ಬಂತು. ಅದನ್ನು ತೆಗೆದು 2013ರಲ್ಲಿ ಹೊಸದು ತಂದರು. ನೀವು ಓದಬೇಕಾದದ್ದು ಈ 2013ರ ಆದೇಶ.

ಅದರಲ್ಲಿ ಎ, ಬಿ, ಸಿ ಎಂದು ಮೂರು ಅನುಸೂಚಿ. ಬಿ ಅನುಸೂಚಿ ರಫ್ತಿಗೆ, ಸಿ ಆಮದಿಗೆ. ಆ ವಸ್ತುಗಳನ್ನು ಹೊರಗೆ ಕಳಿಸಲು, ಒಳಗೆ ತರಿಸಲು ಗ್ವಾಲಿಯರ್‌ನಲ್ಲಿರುವ ನಾರ್ಕೋಟಿಕ್ಸ್ ಕಮಿಷನರ್ ಅವರ ನಿರಾಕ್ಷೇಪಣಾ ಪತ್ರ ಬೇಕು. ಬಾವಿಗೆ ಹಾಕುತ್ತಾರಲ್ಲ, ಕೆನ್ನೀಲಿ ಪುಡಿ, ಪೊಟ್ಯಾಸಿಯಂ ಪರ್ಮಾಂಗನೇಟ್, ಅದು ಕೂಡ ರಫ್ತಿನ ಪಟ್ಟಿಯಲ್ಲಿದೆ. ನೀವು ರಫ್ತು ಮಾಡುವವರಲ್ಲ, ಆದ್ದರಿಂದ ಅದನ್ನು ಇಲ್ಲಿಗೆ ಬಿಡೋಣ.

ನಿಮಗೆ ಸಂಬಂಧಪಟ್ಟದ್ದು ಎ ಅನುಸೂಚಿ. ಇದು ದೇಶದ ಒಳಗಿನ ವ್ಯಾಪಾರಕ್ಕೇ ಅನ್ವಯ. ಅಸೆಟಿಕ್ ಅನ್‌ಹೈಡ್ರೈಡ್, ಎಫೆಡ್ರಿನ್, ಸೂಡೋಎಫೆಡ್ರಿನ್, ಆಂಥ್ರಾನಿಲಿಕ್ ಆಸಿಡ್, ಎನ್-ಅಸೆಟೈಲ್ ಆಂಥ್ರಾನಿಲಿಕ್ ಆಸಿಡ್ ಮೊದಲಿನಿಂದ ಇದ್ದವು. ಆಂಥ್ರಾನಿಲಿಕ್ ಆಸಿಡ್ ಬಣ್ಣದ ಕಾರ್ಖಾನೆಗಳಿಗೂ ಬೇಕು, ಮ್ಯಾಂಡ್ರಾಕ್ಸ್ ಗುಳಿಗೆಯ ಕಳ್ಳ ತಯಾರಿಕೆಗೂ ಹೋಗುತ್ತಿತ್ತು. 2018ರಲ್ಲಿ ಫೆಂಟನಿಲ್ ಎಂಬ ಬಲವಾದ ನೋವಿನ ಮದ್ದಿಗೆ ಹೋಗುವ ಎನ್‌ಪಿಪಿ, ಎಎನ್‌ಪಿಪಿ ಎಂಬ ರಾಸಾಯನಿಕಗಳು ಸೇರಿದವು. ಪಟ್ಟಿ ಹೀಗೆ ಬೆಳೆಯುತ್ತಲೇ ಇರುತ್ತದೆ. ಕಳ್ಳರು ಒಂದು ಬಾಗಿಲು ಮುಚ್ಚಿದರೆ ಪಕ್ಕದ ಕಿಟಕಿಗೆ ಹೋಗುತ್ತಾರೆ. ಪಟ್ಟಿಯಲ್ಲಿರುವ ವಸ್ತುವಿಗೆ ಒಂದು ಹೆಜ್ಜೆ ಹಿಂದಿನ ವಸ್ತುವನ್ನು ಕೊಳ್ಳುತ್ತಾರೆ. ಹಾಗಾಗಿ ‘ಪಟ್ಟಿಯಲ್ಲಿ ಇಲ್ಲ, ನನಗೇನು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಟ್ಟಿ ವಸ್ತುವನ್ನು ಹೆಸರಿಸುತ್ತದೆ, ಗಿರಾಕಿಯನ್ನು ಗುರುತಿಸಬೇಕಾದವರು ನೀವು.

ಎ ಅನುಸೂಚಿಯ ವಸ್ತುವನ್ನು ತಯಾರಿಸುವವರು, ಹಂಚುವವರು, ಮಾರುವವರು, ಕೊಳ್ಳುವವರು, ಇಟ್ಟುಕೊಳ್ಳುವವರು, ಬಳಸುವವರು ಎಲ್ಲರೂ ನಾರ್ಕೋಟಿಕ್ಸ್ ಕಂಟ್ರೋಲ್ ಬ್ಯೂರೋದ ವಲಯ ನಿರ್ದೇಶಕರ ಹತ್ತಿರ ನೋಂದಾಯಿಸಿಕೊಳ್ಳಬೇಕು. ನಮ್ಮ ಕಡೆಯವರಿಗೆ ಬೆಂಗಳೂರು ವಲಯ. ಕೆಲವರು ಹೈದರಾಬಾದ್ ಹತ್ತಿರ ಅಂತ ಅಲ್ಲಿಗೆ ಓಡುತ್ತಾರೆ. ದೂರ ಎಷ್ಟೇ ಇರಲಿ, ಬೀದರ್ ಕರ್ನಾಟಕದ ಜಿಲ್ಲೆ. ನೋಂದಣಿ ಆದರೆ ಒಂದು ವಿಶಿಷ್ಟ ಸಂಖ್ಯೆ ಕೊಡುತ್ತಾರೆ. ಧಂಧೆಯವರ ಮಾತಿನಲ್ಲಿ ‘ಯುಆರ್‌ಎನ್’. ನಿಮ್ಮ ಹತ್ತಿರ ಯುಆರ್‌ಎನ್ ಇರಬೇಕು, ಗಿರಾಕಿಯ ಹತ್ತಿರವೂ ಇರಬೇಕು. ಅವನು ಗುರುತಿನ ದಾಖಲೆ ತೋರಿಸಬೇಕು, ಯಾವ ಕೆಲಸಕ್ಕೆ ಎಂದು ಬರೆದು ಕೊಡಬೇಕು. ಮಾಲಿನ ಜತೆ ಕನ್‌ಸೈನ್‌ಮೆಂಟ್ ನೋಟ್ ಹೋಗಬೇಕು. ಬರೀ ಲಾರಿಯ ಬಿಲ್ಟಿ ಸಾಲದು. ದಿನದ ಲೆಕ್ಕ ದಿನವೇ ಬರೆಯಬೇಕು, ಮೂರು ತಿಂಗಳಿಗೊಮ್ಮೆ ವಲಯ ಕಚೇರಿಗೆ ರಿಟರ್ನ್ ಕಳಿಸಬೇಕು. ಆ ತ್ರೈಮಾಸಿಕದಲ್ಲಿ ಒಂದು ಲೀಟರ್ ಕೂಡ ಮಾರದಿದ್ದರೂ ‘ನಿಲ್’ ಅಂತ ಬರೆದು ಕಳಿಸಿ. ಖಾಲಿ ಬಿಟ್ಟ ಜಾಗಕ್ಕಿಂತ ‘ನಿಲ್’ ಎಂಬ ಎರಡು ಅಕ್ಷರ ನಿಮ್ಮನ್ನು ಜಾಸ್ತಿ ಕಾಯುತ್ತದೆ. ಮಾಲು ಕಳುವಾದರೆ, ಕಡಿಮೆ ಬಂದರೆ, ಕೂಡಲೇ ಬ್ಯೂರೋಗೆ ತಿಳಿಸಬೇಕು.

ಇದನ್ನು ಮೀರಿದರೆ 25ಎ ಕಲಂ. ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕಾರಣ ಬರೆದು ನ್ಯಾಯಾಲಯ ಇನ್ನೂ ಹೆಚ್ಚು ದಂಡ ಹಾಕಬಹುದು. ಇನ್ನೊಂದು ಕಲಂ 54. ನಿಯಂತ್ರಿತ ವಸ್ತು ನಿಮ್ಮ ಹತ್ತಿರ ಸಿಕ್ಕು, ಅದಕ್ಕೆ ಸರಿಯಾದ ಲೆಕ್ಕ ಕೊಡಲು ಆಗದಿದ್ದರೆ, ತಪ್ಪು ನಿಮ್ಮದೇ ಎಂದು ನ್ಯಾಯಾಲಯ ಭಾವಿಸಬಹುದು. ಬೇರೆ ಕೇಸುಗಳಲ್ಲಿ ತಪ್ಪು ಸಾಬೀತು ಮಾಡುವ ಹೊರೆ ಪೊಲೀಸರದು. ಇಲ್ಲಿ ಲೆಕ್ಕ ಕೊಡುವ ಹೊರೆ ನಿಮ್ಮ ಹೆಗಲಿಗೂ ಬರುತ್ತದೆ. ಅದಕ್ಕೇ ರಿಜಿಸ್ಟರ್ ಅಂದರೆ ತಲೆನೋವು ಅಂತ ತಿಳಿಯಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮ ತೊಗರಿ ಅಡತ್ ಅಂಗಡಿಗಳಲ್ಲಿ ನೋಡಿ, ರೈತನ ಚೀಲ ಕಾಟಾ ಮೇಲಿಂದ ಇಳಿಯುವ ಮೊದಲೇ ಚೀಟಿ ಬರೆದಿರುತ್ತಾರೆ. ನಾಳೆ ಜಗಳ ಬಂದರೆ ಮಾತಾಡುವುದು ಆ ಚೀಟಿಯೇ.

ರಿಜಿಸ್ಟರ್ ವಿಷಯಕ್ಕೆ ನನ್ನದೇ ಒಂದು ಅನುಭವ ಹೇಳಲೇಬೇಕು. ನಾನು ಕೆಲಸಕ್ಕಿದ್ದ ಕಾರ್ಖಾನೆಯೊಂದರಲ್ಲಿ ಆದದ್ದು. ಮಾರ್ಚ್ ಕೊನೆಯ ವಾರ, ಹೊರಗೆ ಬೆಂಕಿ ಬಿಸಿಲು. ತ್ರೈಮಾಸಿಕ ಲೆಕ್ಕಕ್ಕೆ ಅನ್‌ಹೈಡ್ರೈಡ್ ದಾಸ್ತಾನು ಎಣಿಸಲು ಗೋದಾಮಿಗೆ ಹೋದೆವು. ಪುಸ್ತಕದಲ್ಲಿ 250 ಕಿಲೋ ಉಳಿಕೆ ಇತ್ತು. ಅಂದರೆ ಒಂದು ತುಂಬಿದ ಡ್ರಮ್, ಮೇಲೆ ಸ್ವಲ್ಪ. ಒಳಗೆ ನೋಡಿದರೆ ಇದ್ದದ್ದು ಒಂದೇ ಡ್ರಮ್. ಹಮಾಲ ಅದನ್ನು ಕೈಯಿಂದ ತಟ್ಟಿದ. ಮೇಲಿನ ಭಾಗ ಖಾಲಿ ಕೊಡದ ಹಾಗೆ ಸದ್ದು ಮಾಡಿತು. ಕಾಟಾ ಮೇಲೆ ಇಟ್ಟು ಡ್ರಮ್ಮಿನ ತೂಕ ಕಳೆದರೆ 98 ಕಿಲೋ. 152 ಕಿಲೋ ಇಲ್ಲ! ನನ್ನ ಬಾಯಿ ಒಣಗಿ ಹೋಯಿತು. ಸೀಲು ನೋಡಿದೆ, ನೆಲ ನೋಡಿದೆ, ಹಿಂದಿನ ಬಾಗಿಲಿನ ಬೀಗ ಎಳೆದು ನೋಡಿದೆ. ಸೋರಿದ ಗುರುತಿಲ್ಲ. ವಾಸನೆಯೂ ಇಲ್ಲ. ಕಳವು ಅಂತಲೇ ಎಲ್ಲರ ಮನಸ್ಸಿನಲ್ಲಿ. ರಾತ್ರಿ ಪಾಳಿಯ ಹುಡುಗನೊಬ್ಬನ ಮೇಲೆ ಆಗಲೇ ಎಲ್ಲರ ಕಣ್ಣು ಬಿದ್ದಿತ್ತು. ಅವನು ಮೂಲೆಯಲ್ಲಿ ನಿಂತು ಸುಮ್ಮನೆ ನೆಲ ನೋಡುತ್ತಿದ್ದ.

ಆ ದಿನ ಸಂಜೆವರೆಗೂ ಚೀಟಿಗಳನ್ನು ಒಂದೊಂದಾಗಿ ತೆಗೆದೆವು. ಬಂದದ್ದು ಹತ್ತು ಡ್ರಮ್, ಒಂದೊಂದು 215 ಕಿಲೋ, ಒಟ್ಟು 2,150. ಬಿಲ್ ಕಿಲೋದಲ್ಲಿತ್ತು. ಉತ್ಪಾದನಾ ವಿಭಾಗಕ್ಕೆ ಕೊಟ್ಟದ್ದು ಮೀಟರ್ ಮೂಲಕ, ಲೀಟರ್‌ನಲ್ಲಿ, ಒಟ್ಟು 1,900. ಚೀಟಿ ಬರೆದವನು ಲೀಟರನ್ನೇ ಕಿಲೋ ಅಂತ ಪುಸ್ತಕಕ್ಕೆ ಏರಿಸಿದ್ದ. ಅನ್‌ಹೈಡ್ರೈಡ್ ನೀರಿಗಿಂತ ಭಾರ. ಒಂದು ಲೀಟರ್ ಅಂದರೆ ಸುಮಾರು 1.08 ಕಿಲೋ. 1,900 ಲೀಟರ್ ತೂಗಿದರೆ 2,052 ಕಿಲೋ. 2,150ರಲ್ಲಿ ಕಳೆಯಿರಿ, 98 ಉಳಿಯಿತು. ಕಾಟಾ ಸುಳ್ಳು ಹೇಳಿರಲಿಲ್ಲ. ಆ ಹುಡುಗನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಅವನ ಹತ್ತಿರ ಹೋಗಿ ಕ್ಷಮೆ ಕೇಳಿದವನು ನಾನೊಬ್ಬನೇ. ಅದು ಇನ್ನೂ ನೋವು ಕೊಡುತ್ತದೆ.

ನೀವು ನೋಂದಣಿ ಮಾಡಿಸಿ ವ್ಯಾಪಾರ ಮಾಡುವುದಾದರೆ ಮೊದಲ ದಿನವೇ ತೀರ್ಮಾನ ಮಾಡಿ: ಪುಸ್ತಕ ಕಿಲೋದಲ್ಲೇ. ಬಿಡಿ ಮಾರಿದರೂ ತೂಗಿ ಕೊಡಿ. ರಿಜಿಸ್ಟರಿನ ಮೊದಲ ಪುಟದಲ್ಲಿ ಆ 1.08 ಅನ್ನು ದೊಡ್ಡದಾಗಿ ಬರೆದಿಡಿ.

ಆದರೆ ನನ್ನ ಸಲಹೆ ಕೇಳಿದರೆ, ನಿಮ್ಮ ಅಂಗಡಿಗೆ ಈ ಮಾಲು ಬೇಡ. ವರ್ಷಕ್ಕೆ ಒಂದೆರಡು ಸಲ ಕೇಳುವ ಗಿರಾಕಿಗಾಗಿ ಇಷ್ಟೆಲ್ಲ ಹೊಣೆ ಹೊರಬೇಕಾ? ನಿಮ್ಮ ನಿಜವಾದ ಗಿರಾಕಿಗಳು ಬೇರೆ. ಬಿದರಿ ಕೆಲಸದವರು ನಿಮ್ಮಲ್ಲಿ ಕೊಳ್ಳುವುದು ಮೈಲುತುತ್ತ, ನವಸಾಗರ. ಕೆತ್ತುವ ಮೊದಲು ಕಪ್ಪು ಮಾಡಲು ತುತ್ತ, ಕೊನೆಯಲ್ಲಿ ಕೋಟೆ ಮಣ್ಣಿನ ಜತೆ ನವಸಾಗರ. ಅವು ಎ ಅನುಸೂಚಿಯಲ್ಲಿ ಇಲ್ಲ, ಆ ಕುಶಲಕರ್ಮಿಗಳನ್ನು ಹೆದರಿಸಬೇಡಿ. ಆಸಿಡ್ ಬಾಟಲಿ ಬಿಡಿ ಮಾರುತ್ತೀರಾದರೆ ಅದಕ್ಕೆ ಬೇರೆ ಕಟ್ಟಳೆ ಇದೆ. ಆಸಿಡ್ ದಾಳಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕೊಂಡವರ ಹೆಸರು, ವಿಳಾಸ, ಪ್ರಮಾಣ ಬರೆದ ಪುಸ್ತಕ ಇರಬೇಕು, ಫೋಟೋ ಇರುವ ಗುರುತಿನ ಚೀಟಿ ನೋಡಬೇಕು, ಹದಿನೆಂಟು ತುಂಬದವರಿಗೆ ಕೊಡಬಾರದು, ದಾಸ್ತಾನನ್ನು ಉಪವಿಭಾಗಾಧಿಕಾರಿಗೆ ಘೋಷಿಸಬೇಕು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಈ ಪುಸ್ತಕ ನಿಮ್ಮಲ್ಲಿ ಇಲ್ಲದಿದ್ದರೆ ಇವತ್ತೇ ಶುರು ಮಾಡಿ.

ಈಗ ಕಾಕಾನ ಶೆಡ್ಡು. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದೇ.

ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳ ಜಾಗವೇ ಹಾಗಿದೆ. ಒಂದು ಕಡೆ ಹೈದರಾಬಾದ್, ಔಷಧ ಕಾರ್ಖಾನೆಗಳ ಊರು. ಇನ್ನೊಂದು ಕಡೆ ಸೋಲಾಪುರ. ನಡುವೆ ಪುಣೆ-ಹೈದರಾಬಾದ್ ಹೆದ್ದಾರಿ ಹುಮನಾಬಾದ್ ಮೇಲೆ ಹಾದು ಹೋಗುತ್ತದೆ. ಒಳ್ಳೆಯ ಕಾರ್ಖಾನೆಗಳು ಈ ದಾರಿಯಲ್ಲೇ ಬರುತ್ತವೆ, ಕೆಟ್ಟ ಕೆಲಸದವರೂ ಇದೇ ದಾರಿ ಹುಡುಕುತ್ತಾರೆ. 2016ರಲ್ಲಿ ಸೋಲಾಪುರದ ಕಾರ್ಖಾನೆಯೊಂದರಲ್ಲಿ ಠಾಣೆ ಪೊಲೀಸರು ಟನ್‌ಗಟ್ಟಲೆ ಎಫೆಡ್ರಿನ್ ವಶಪಡಿಸಿಕೊಂಡಿದ್ದು ನೆನಪಿರಬಹುದು. ಹೈದರಾಬಾದ್ ಸುತ್ತ ಆಲ್‌ಪ್ರಾಜೋಲಂ ಕದ್ದು ತಯಾರಿಸುವ ಜಾಲಗಳು ಮತ್ತೆ ಮತ್ತೆ ಸಿಕ್ಕಿಬಿದ್ದಿವೆ. ಅದು ನಿದ್ದೆ ಮತ್ತು ಆತಂಕದ ಗುಳಿಗೆಯ ಮದ್ದು. ಕಳ್ಳ ದಾರಿಯಲ್ಲಿ ಅದು ಹೋಗುವುದು ಸೇಂದಿಗೆ.

ಈ ಸೇಂದಿಯ ಮಾತು ನನಗೆ ಹತ್ತಿರದ್ದು. ನಮ್ಮ ಗೋದಾಮಿನಲ್ಲಿ ಗಡಿಯ ಹಳ್ಳಿಯಿಂದ ಬರುತ್ತಿದ್ದ ಹಮಾಲ ಒಬ್ಬ ಇದ್ದ. ನನಗಿಂತ ದೊಡ್ಡವನು, ಅಣ್ಣಾ ಅಂತಲೇ ಕರೆಯುತ್ತಿದ್ದೆ. ದಿನಾ ಸಂಜೆ ಸೇಂದಿ ಬೇಕು. ಒಂದು ಸಲ ಆ ಕಡೆ ದಾಳಿ ಆಗಿ ಅಂಗಡಿ ನಾಲ್ಕು ದಿನ ಬಂದ್ ಆಯಿತು. ಮೂರನೇ ದಿನ ಅವನು ಚಹಾದ ಲೋಟ ಹಿಡಿಯಲು ಹೋದ, ಕೈ ನಡುಗಿ ಚಹಾ ಎಲ್ಲ ಅಂಗಿ ಮೇಲೆ. ಗೋಡೆ ಕಡೆ ತಿರುಗಿ ಯಾರ ಜತೆಗೋ ಮಾತಾಡತೊಡಗಿದ. ಆಮೇಲೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು, ಇದು ಬರೀ ಹೆಂಡದ ಚಟವಲ್ಲ, ಅದರಲ್ಲಿ ಬೆರೆಸಿದ ಪುಡಿಯ ಚಟ, ಒಮ್ಮೆಲೇ ನಿಂತರೆ ಹೀಗಾಗುತ್ತದೆ. ಅವನಿಗೆ ಪಾಪ ತಾನು ಕುಡಿಯುತ್ತಿದ್ದುದು ಮರದ ಸೇಂದಿ ಅಂತಲೇ ನಂಬಿಕೆ. ನಿಮ್ಮ ಸುತ್ತ ಯಾರಿಗಾದರೂ ಹೀಗಿದ್ದರೆ ಮನೆಯಲ್ಲೇ ಕಟ್ಟಿಹಾಕಿ ಬಿಡಿಸಲು ಹೋಗಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಆ ಪುಡಿ ಎಲ್ಲೋ ಒಂದು ಶೆಡ್ಡಿನಲ್ಲಿ ತಯಾರಾದದ್ದು ಅಲ್ವಾ? ಆ ಶೆಡ್ಡಿಗೂ ಒಬ್ಬ ಮಾಲೀಕ ಇದ್ದ. ಬಾಡಿಗೆ ಸರಿಯಾಗಿ ಬರುತ್ತಿದೆ ಅಂತ ಅವನೂ ಸುಮ್ಮನಿದ್ದಿರಬೇಕು.

ಕಾಯ್ದೆ ಏನು ಹೇಳುತ್ತದೆ ನೋಡಿ. 25ನೇ ಕಲಂ ಪ್ರಕಾರ, ಮನೆ, ಕೋಣೆ, ಜಾಗ, ವಾಹನ ಯಾವುದರ ಮಾಲೀಕನೇ ಆಗಲಿ, ಗೊತ್ತಿದ್ದೂ ಅಲ್ಲಿ ಅಪರಾಧ ನಡೆಯಲು ಬಿಟ್ಟರೆ ಆ ಅಪರಾಧಕ್ಕೆ ಇರುವ ಶಿಕ್ಷೆಯೇ ಅವನಿಗೂ. ಆಲ್‌ಪ್ರಾಜೋಲಂನಲ್ಲಿ 100 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ ಅನ್ನುತ್ತಾರೆ. ಎಂಡಿ ಎನ್ನುವ ಮಾದಕ ಪುಡಿ ಮೆಫೆಡ್ರೋನ್‌ನಲ್ಲಿ 50 ಗ್ರಾಂ. ಅದಕ್ಕೆ ಕನಿಷ್ಠ ಹತ್ತು, ಗರಿಷ್ಠ ಇಪ್ಪತ್ತು ವರ್ಷ. ಒಂದು ಶೆಡ್ಡಿನಲ್ಲಿ ಕೆಲಸ ಶುರುವಾದರೆ 100 ಗ್ರಾಂ ಅನ್ನುವುದು ಲೆಕ್ಕವೇ ಅಲ್ಲ. ‘ಗೊತ್ತಿದ್ದೂ’ ಎಂಬ ಶಬ್ದ ಕಾಕಾಗೆ ರಕ್ಷಣೆ ಕೊಡುತ್ತದೆ, ನಿಜ. ಆದರೆ ಎರಡು ಪಟ್ಟು ಬಾಡಿಗೆ ಯಾಕೆ ಕೊಡುತ್ತಾರೆ ಎಂದು ಒಮ್ಮೆಯೂ ಕೇಳಲಿಲ್ಲವೇ ಎಂದು ಸರ್ಕಾರಿ ವಕೀಲರು ಕೇಳಿದಾಗ ಕಾಕಾ ಏನು ಹೇಳುತ್ತಾರೆ?

ನಾನು ಆ ಬಾಡಿಗೆದಾರರು ಕಳ್ಳರು ಅಂತ ಹೇಳುತ್ತಿಲ್ಲ. ನೋಡದೆ ಹಾಗೆ ಹೇಳುವುದು ಅನ್ಯಾಯ. ಆದರೆ ತಿಳಿದುಕೊಳ್ಳಲು ಸುಲಭದ ದಾರಿ ಇದೆ. ಔಷಧ ಅಥವಾ ರಾಸಾಯನಿಕ ತಯಾರಿಸುವ ಯಾವ ಘಟಕಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬೇಕು. ಔಷಧಿಯೇ ಆದರೆ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು. ಜಿಎಸ್‌ಟಿ ನೋಂದಣಿಯಲ್ಲಿ ಆ ಜಾಗದ ವಿಳಾಸ ಇರಬೇಕು. ಕಾಕಾ ಹೋಗಿ ಈ ಮೂರರ ಪ್ರತಿ ಕೇಳಲಿ. ನೆಟ್ಟಗೆ ಇರುವವರು ಅದೇ ದಿನ ಜೆರಾಕ್ಸ್ ಕೊಡುತ್ತಾರೆ, ನನ್ನ ಅನುಭವದಲ್ಲಿ ಖುಷಿಯಿಂದಲೇ ಕೊಡುತ್ತಾರೆ. ‘ಬರುತ್ತಿದೆ, ಹೈದರಾಬಾದಿನಲ್ಲಿದೆ, ಸಾಹೇಬರು ತರುತ್ತಾರೆ’ ಅಂತ ದಿನ ತಳ್ಳಿದರೆ ಅನುಮಾನ ಪಡಿ. ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿ. ಬೋರ್ಡ್ ಇದೆಯಾ? ಕಿಟಕಿಗೆ ಒಳಗಿನಿಂದ ಪ್ಲಾಸ್ಟಿಕ್ ಬಡಿದಿದ್ದಾರಾ? ಕೆಲಸ ರಾತ್ರಿಯೇ ನಡೆಯುತ್ತದಾ? ಕೆಲಸದ ಹುಡುಗರು ಊರಿನ ಕಿರಾಣಿಗೂ ಬರದೆ ಒಳಗೇ ಇರುತ್ತಾರಾ? ಹಳ್ಳದ ಕಡೆ ಲೇಬಲ್ ಕಿತ್ತ ಡ್ರಮ್ ಬಿದ್ದಿವೆಯಾ? ಹಳ್ಳದ ನೀರು ಕುಡಿದ ದನ ಕಾಯಿಲೆ ಬಿದ್ದಿವೆಯಾ? ಒಂದಕ್ಕೆ ಹೌದು ಬಂದರೆ ಏನೂ ಅಲ್ಲದಿರಬಹುದು. ಎಲ್ಲಕ್ಕೂ ಹೌದು ಬಂದರೆ ತಡ ಮಾಡಬೇಡಿ.

ಆಗ ಕಾಕಾ ತಾವೇ ಹೋಗಿ ಜಗಳ ಮಾಡುವುದು, ಬೀಗ ಹಾಕುವುದು, ಒಳಗೆ ನುಗ್ಗಿ ಡ್ರಮ್ ತೆಗೆದು ನೋಡುವುದು ಯಾವುದೂ ಬೇಡ. ಆ ಹೊಗೆ ವಿಷ, ಆ ಮಂದಿಯೂ ಅಪಾಯ. ಪೊಲೀಸ್ ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹೆಸರು ಹೇಳಲು ಹೆದರಿಕೆ ಇದ್ದರೆ 1933ಕ್ಕೆ ಫೋನ್ ಮಾಡಿ. ‘ಮಾನಸ್’ ಅಂತ ಮಾದಕ ವಸ್ತುಗಳ ರಾಷ್ಟ್ರೀಯ ಸಹಾಯವಾಣಿ, 2024ರ ಜುಲೈನಲ್ಲಿ ಶುರುವಾದದ್ದು. ಕರಾರು ಪತ್ರ ಇಲ್ಲದೆ ಬಾಯಿ ಮಾತಿನಲ್ಲೇ ಕೊಟ್ಟಿದ್ದರೆ ಅದನ್ನೂ ಈಗಲೇ ಸರಿ ಮಾಡಿಸಿ: ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ಬರೆಸಿ, ಮಾಲೀಕ ಯಾವಾಗ ಬೇಕಾದರೂ ಬಂದು ನೋಡಬಹುದು ಎಂಬ ಸಾಲು ಸೇರಿಸಿ, ಬಾಡಿಗೆ ಬ್ಯಾಂಕ್ ಮೂಲಕವೇ ಬರಲಿ. ಓದುವವರಲ್ಲಿ ಯಾರದಾದರೂ ಜಾಗ ಕೆಐಎಡಿಬಿ, ಅಂದರೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಕೊಟ್ಟದ್ದಾಗಿದ್ದರೆ, ಮಂಡಳಿಯ ಅನುಮತಿ ಇಲ್ಲದೆ ಒಳಬಾಡಿಗೆ ಕೊಡುವ ಮಾತೇ ಬೇಡ.

ಇನ್ನು ಆ ಗಿರಾಕಿ ಮತ್ತೆ ಬಂದರೆ? ವಾದ ಬೇಡ, ಉಪದೇಶ ಬೇಡ. ‘ಯುಆರ್‌ಎನ್ ಪತ್ರ ತನ್ನಿ, ಅದು ಇಲ್ಲದೆ ಯಾರೂ ಕೊಡುವುದಿಲ್ಲ’ ಅನ್ನಿ, ಸಾಕು. ಅವನು ಬಂದ ದಿನ, ಹೊತ್ತು, ಕೇಳಿದ ಪ್ರಮಾಣ, ಗಾಡಿ ನಂಬರ್ ನೆನಪಿದ್ದರೆ ಅದನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಪೊಲೀಸ್ ಠಾಣೆಗೆ ಹೋದಾಗ ಅದನ್ನೂ ಹೇಳಿ. ನಿಮ್ಮ ಓಣಿಯ ಬೇರೆ ಅಂಗಡಿಯವರಿಗೂ ಒಂದು ಮಾತು ಹಾಕಿ. ಇಂಥವರು ಒಂದು ಕಡೆ ಡ್ರಮ್ ಸಿಗದಿದ್ದರೆ ಐದು ಅಂಗಡಿಯಲ್ಲಿ ಐದೈದು ಲೀಟರ್ ಕೊಳ್ಳುತ್ತಾರೆ. ಐದು ಜನ ಪರಸ್ಪರ ಮಾತಾಡಿಕೊಂಡಿದ್ದರೆ ಮಾತ್ರ ಅದು ಗೊತ್ತಾಗುತ್ತದೆ.

ಕೊನೆಗೆ ಅಪ್ಪನ ಕಾಲದ ಆ ಎರಡು ಕ್ಯಾನ್. ಇದನ್ನು ಮೊದಲು ಮಾಡಿ, ಶೆಡ್ಡಿಗಿಂತ ಮೊದಲು. ಚರಂಡಿಗೆ ಸುರಿಯಬೇಡಿ. ನೀರು ತಾಗಿದರೆ ಬಿಸಿಯಾಗಿ ಆವಿ ಎದ್ದು ಕಣ್ಣು, ಶ್ವಾಸಕೋಶ ಸುಡುತ್ತದೆ. ಸುರಿದರೆ ಲೆಕ್ಕವೂ ಹೋಯಿತು, ಆಮೇಲೆ ‘ಎಲ್ಲಿಗೆ ಹೋಯಿತು’ ಎಂಬ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಗೆಳೆಯನ ಕಾರ್ಖಾನೆಗೆ ಸಾಗಿಸುವುದೂ ಬೇಡ, ನೋಂದಣಿ ಇಲ್ಲದೆ ಅದೂ ತಪ್ಪೇ. ಕ್ಯಾನ್ ಇದ್ದ ಜಾಗದಲ್ಲೇ ಇರಲಿ. ಮುಚ್ಚಳ ತೆಗೆಯದೆ ತೂಕ ಮಾಡಿ, ಲೇಬಲ್ಲಿನ ಫೋಟೋ ತೆಗೆಯಿರಿ, ಅಪ್ಪನ ಹಳೆಯ ಕಡತದಲ್ಲಿ ಕೊಂಡ ಬಿಲ್ ಇದೆಯಾ ಹುಡುಕಿ. ಒಬ್ಬ ವಕೀಲರಿಗೆ ತೋರಿಸಿ, ಬೆಂಗಳೂರು ವಲಯ ಕಚೇರಿಗೆ ಪತ್ರ ಬರೆಯಿರಿ: ಇಷ್ಟು ಮಾಲು, ಇಂಥ ಕಾಲದ್ದು, ನಮಗೆ ಮಾರುವ ಉದ್ದೇಶ ಇಲ್ಲ, ಏನು ಮಾಡಬೇಕು ತಿಳಿಸಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿ ಇಡಿ. ಉತ್ತರ ಬರುವವರೆಗೆ ಗೋದಾಮಿನ ಆ ಕೋಣೆಯ ಬೀಗದ ಕೈ ನಿಮ್ಮೊಬ್ಬರ ಹತ್ತಿರವೇ ಇರಲಿ. ಅರ್ಜಿ, ಪತ್ರ ಬರೆಯುವಾಗ ತೊಡಕು ಬಂದರೆ ಮತ್ತೆ ಕೇಳಿ.